ಈಗ ಏನು ಓದುತ್ತಿರುವಿರಿ?

ಪಂಚಮಿ ಹಬ್ಬಕ್ಕೆ ತಂಗಿಗೊಂದು ಸೀರೆ ಕೊಳ್ಳಲೆಂದು ಕಳೆದ ಶ್ರಾವಣದಲ್ಲಿ ಇಳಕಲ್ಲಿಗೆ ಹೋಗಿದ್ದೆನು. ಅಂಗಡಿಗಿಂತ ಮಗ್ಗದ ಮನೆಯಲ್ಲಿ ಕೊಳ್ಳುವುದು ನಮ್ಮ ಮನೆಯ ಹಳೆಯ ರೂಢಿ. ಪರಿಚಯದ ನೇಕಾರರೊಬ್ಬರು, ಎಪ್ಪತ್ತು ದಾಟಿದವರು, ಕುಣಿಮಗ್ಗದಿಂದ ಏಳದೆಯೇ ನಮ್ಮನ್ನು ಬರಮಾಡಿಕೊಂಡರು. ಮಳೆ-ಬೆಳೆ, ಮಕ್ಕಳ ಓದು, ನೂಲಿನ ಬೆಲೆ ಎಲ್ಲವೂ ಮಾತಿನಲ್ಲಿ ಬಂದು ಹೋದುವು. ಆಮೇಲೆ ಅವರು ಲಾಳಿಯನ್ನು ನಿಲ್ಲಿಸಿ ಕೇಳಿದರು:

“ಮಾಸ್ತರ, ಈಗ ಏನ ಓದಾಕತ್ತೀರಿ?”

“ಪರೀಕ್ಷಾ ಪೇಪರ ನೋಡೂದ ಆಗೇತ್ರಿ ಕಾಕಾ. ಪುರಸೊತ್ತ ಎಲ್ಲೈತಿ?” ಎಂದೆನು.

“ಅದು ನೌಕರಿ ಆತು. ನಾ ಕೇಳಿದ್ದು ಓದೂದು.”

ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷ ಸಾಹಿತ್ಯವನ್ನೇ ಪಾಠ ಹೇಳಿ ಸಂಬಳ ಎಣಿಸಿದವನು ನಾನು. ಆ ಹಿರಿಯರು ಗೋಡೆಯ ಗೂಡಿನಿಂದ ವರ್ತಮಾನಪತ್ರದ ಹೊದಿಕೆ ಹಾಕಿದ ಪುಸ್ತಕವೊಂದನ್ನು ತೆಗೆದರು. ರಾವಬಹಾದ್ದೂರರ ‘ಗ್ರಾಮಾಯಣ’. ಮೂರನೆಯ ಸಲ ಓದುತ್ತಿರುವರಂತೆ. “ಇನ್ನ ಐವತ್ತ ಪಾನ ಉಳದಾವು. ಮುಗದ ಮ್ಯಾಲ ನಿಮಗ ಕಳಸತೀನಿ. ನೀವು ಓದಿ ಮುಂದಿನವರಿಗೆ ಕೊಡ್ರಿ. ಇಟಗೋಬ್ಯಾಡ್ರಿ,” ಎಂದರು.

ಸೀರೆಯನ್ನು ಕೊಂಡು ತಂದುದಾಯಿತು. ಆದರೆ ಆ ಪ್ರಶ್ನೆಯು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಒಬ್ಬರನ್ನೊಬ್ಬರು ಕಂಡಾಗ ನಾವು ಕೇಳುವ ಕುಶಲ ಪ್ರಶ್ನೆಗಳ ಸಾಲಿನಿಂದ ಅದು ಯಾವಾಗ ಬಿದ್ದುಹೋಯಿತು? ಬಿದ್ದುಹೋದುದರಿಂದ ನಮಗಾದ ನಷ್ಟವೇನು? ಕನ್ನಡದಲ್ಲಿ ಓದುಗರು ಕಡಿಮೆಯಾದರೆಂಬ ಗೋಳು ಎಲ್ಲ ವೇದಿಕೆಗಳಿಂದಲೂ ಕೇಳಿಬರುತ್ತಿರುವ ಈ ದಿನಗಳಲ್ಲಿ ಈ ವಿಷಯವನ್ನು ಕೊಂಚ ನಿಧಾನವಾಗಿ ಯೋಚಿಸುವುದು ಅಗತ್ಯವೆಂದು ತೋರುತ್ತದೆ. ನಮ್ಮಲ್ಲಿ ಕೊರತೆ ಬಿದ್ದಿರುವುದು ಪುಸ್ತಕಗಳದಲ್ಲ, ಓದಬಲ್ಲವರದೂ ಅಲ್ಲ. ತಾನು ಓದಿದುದನ್ನು ಇನ್ನೊಬ್ಬರಿಗೆ ಹೇಳಿ ಪುಸ್ತಕವನ್ನು ಅವರ ಕೈಗೆ ದಾಟಿಸುವವರದು. ಇದು ನನ್ನ ತಿಳಿವಳಿಕೆ.

ಪ್ರಶಸ್ತಿಯ ಬೆಳಕು

ಮೊದಲು ಇತ್ತೀಚಿನ ಒಂದು ಸಂಗತಿಯನ್ನು ನೋಡೋಣ. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ ಬಂದಿತು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಬಹುಮಾನದ ಸಮಪಾಲುಗಾರರಾದರು. ಕನ್ನಡದಿಂದ ಹೋದ ಕೃತಿಯೊಂದಕ್ಕೆ ಈ ಮನ್ನಣೆ ದೊರೆತುದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ದೊರೆತುದೂ ಅದೇ ಮೊದಲು. ನಾಡೆಲ್ಲ ಹಿಗ್ಗಿತು. ಹಿಗ್ಗತಕ್ಕುದೇ.

ಆದರೆ ಆ ಸಂಕಲನದ ಹನ್ನೆರಡು ಕಥೆಗಳು ಆ ವರ್ಷ ಹುಟ್ಟಿದುವಲ್ಲ. 1990ರಿಂದ 2023ರವರೆಗಿನ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವು ಕನ್ನಡದಲ್ಲಿ ಬರೆಯಲ್ಪಟ್ಟಿದ್ದುವು. ಇಂಗ್ಲಿಷ್ ಸಂಕಲನದ ಹೆಸರು ಬಂದುದೇ ‘ಎದೆಯ ಹಣತೆ’ ಎಂಬ ಕನ್ನಡ ಕಥೆಯಿಂದ. ಪ್ರಶಸ್ತಿಯ ಅನಂತರ ಕಾಲೇಜು ಪುನಃ ಪ್ರಾರಂಭವಾದಾಗ, ಈ ಲೇಖಕಿಯ ಹೆಸರನ್ನು ಮೊದಲೇ ಕೇಳಿದವರು ಯಾರು ಎಂದು ಒಂದು ತರಗತಿಯಲ್ಲಿ ವಿಚಾರಿಸಿದೆನು. ಎರಡು ಕೈಗಳು ಎದ್ದುವು. ಇದರಲ್ಲಿ ವಿದ್ಯಾರ್ಥಿಗಳ ತಪ್ಪೇನೂ ಇಲ್ಲ. ಅಲ್ಲಿಯವರೆಗೆ ನಾನೂ ಆ ಹೆಸರನ್ನು ತರಗತಿಯಲ್ಲಿ ಎತ್ತಿರಲಿಲ್ಲ. ನಮ್ಮ ಭಾಷೆಯಲ್ಲಿಯೇ, ನಮ್ಮ ಗ್ರಂಥಾಲಯಗಳ ಕಪಾಟುಗಳಲ್ಲಿಯೇ ಇದ್ದ ಕಥೆಗಳ ಸುದ್ದಿಯನ್ನು ನಮಗೆ ಹೇಳಲು ಲಂಡನ್ನೇ ಬೇಕಾಯಿತಲ್ಲ ಎಂಬುದು ಹೆಮ್ಮೆಯ ಜೊತೆಗೆ ನಾಚಿಕೆಯನ್ನೂ ತರುವ ಮಾತು.

ಅದೇ ತರಗತಿಯ ಹುಡುಗಿಯೊಬ್ಬಳು ಕೆಲವು ವಾರಗಳ ಮೇಲೆ ಆ ಕಥೆಗಳನ್ನು ಹೇಗೋ ದೊರಕಿಸಿ ಓದಿಕೊಂಡು ಬಂದು, “ಸರ್, ಇದರ ಮ್ಯಾಲ ಏನ ಓದಲಿ?” ಎಂದು ಕೇಳಿದಳು. ನನ್ನ ದೃಷ್ಟಿಯಲ್ಲಿ ಸಾಹಿತ್ಯದ ಭವಿಷ್ಯವು ನಿಂತಿರುವುದು ಈ ಪ್ರಶ್ನೆಯ ಮೇಲೆ. ಇದಕ್ಕೆ ಯಾವ ಪ್ರಶಸ್ತಿಯ ಸಮಿತಿಯೂ ಉತ್ತರಿಸಲಾರದು. ಪ್ರಶಸ್ತಿಯು ಒಂದು ಪುಸ್ತಕದ ಮೇಲೆ ಬೆಳಕು ಚೆಲ್ಲಿ ಮುಂದಿನ ವರ್ಷ ಬೇರೆಡೆಗೆ ತಿರುಗುತ್ತದೆ. ಆ ಪುಸ್ತಕದಿಂದ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಗೂ, ಅಲ್ಲಿಂದ ಬೊಳುವಾರು ಮಹಮದ್ ಕುಂಞಿಯವರ ಕಥೆಗಳಿಗೂ ದಾರಿಯಿದೆ ಎಂಬುದನ್ನು ಹೇಳಬಲ್ಲವರು ಆ ದಾರಿಯಲ್ಲಿ ನಡೆದುಹೋದ ಓದುಗರು ಮಾತ್ರ. ನಾನು ಹೇಳಿದೆನು, ಅವಳು ಓದಿದಳು. ಆದರೆ ಕೇಳದೆಯೇ ಹೋದವರ ಸಂಖ್ಯೆ ಎಷ್ಟೋ!

ಕೈಯಿಂದ ಕೈಗೆ

ನಮ್ಮ ಭಾಗದಲ್ಲಿ ಕನ್ನಡ ಪುಸ್ತಕವು ಓದುಗನನ್ನು ಮುಟ್ಟಿದ ಬಗೆಯನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಚ್ಚಿನ ಪುಸ್ತಕಕ್ಕೂ ಮೊದಲು ನಮ್ಮಲ್ಲಿ ಶ್ರಾವಣದ ಪುರಾಣವಿತ್ತು, ಈಗಲೂ ಇದೆ. ಊರ ಗುಡಿಯಲ್ಲಿಯೋ ಮಠದಲ್ಲಿಯೋ ಪುರಾಣ ಹಚ್ಚಿದರೆ ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು, ಊರೆಲ್ಲ ಕುಳಿತು ಕೇಳುವುದು. ಮರುದಿನ ಹೊಲದಲ್ಲಿ ಕಳೆ ತೆಗೆಯುವಾಗ ಹಿಂದಿನ ರಾತ್ರಿಯ ಕಥೆಯ ಮೇಲೆ ಚರ್ಚೆ. ಅಕ್ಷರ ಬಾರದವರೂ ಈ ಅರ್ಥದಲ್ಲಿ ಓದುಗರೇ ಆಗಿದ್ದರು. ಓದು ಎಂಬುದು ಒಬ್ಬನು ಮೂಲೆಯಲ್ಲಿ ಕುಳಿತು ಮಾಡುವ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹಳ ಈಚಿನದು.

ಅಚ್ಚಿನ ಕಾಲ ಬಂದಾಗ ಮುಂಬಯಿ ಪ್ರಾಂತದ ಈ ಭಾಗದಲ್ಲಿ ಮರಾಠಿಯ ಪ್ರಾಬಲ್ಯವಿದ್ದಿತು. ಕನ್ನಡ ಮನೆಮಾತಿನವರೂ ಮರಾಠಿ ಕಾದಂಬರಿಗಳನ್ನೇ ಓದುತ್ತಿದ್ದರು. ಆ ದಿನಗಳಲ್ಲಿ ಬಾಗಲಕೋಟೆಯಲ್ಲಿ ವಕೀಲಿ ಮಾಡುತ್ತಿದ್ದ ಕೆರೂರು ವಾಸುದೇವಾಚಾರ್ಯರು (1866–1921) ಕಾದಂಬರಿ ಬರೆದರು, ನಾಟಕ ಬರೆದರು, ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದರು. ಅಷ್ಟಕ್ಕೆ ನಿಲ್ಲದೆ ‘ಸಚಿತ್ರ ಭಾರತ’, ‘ಶುಭೋದಯ’ ಪತ್ರಿಕೆಗಳನ್ನೂ ನಡೆಸಿದರು. ಬರೆದರೆ ಸಾಲದು, ಓದುವವರನ್ನೂ ತಾನೇ ಕೂಡಿಸಬೇಕೆಂಬುದನ್ನು ಅವರು ಅರಿತಿದ್ದರು. ಗಳಗನಾಥರು (1869–1942) ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದರು. ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮನೆಯ ಕಟ್ಟೆಯ ಮೇಲೆ ಕುಳಿತು ಕಥೆಯ ಸ್ವಾರಸ್ಯವನ್ನು ಹೇಳದೆ ಆ ಹೊರೆ ಇಳಿದಿರಲಾರದು.

ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ತಾಡೋಲೆಗಳಲ್ಲಿ ಚದುರಿದ್ದ ವಚನಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಪ್ರಾರಂಭಿಸಿದರು. ಹುನಗುಂದದ ಮಗ್ಗುಲಲ್ಲಿಯೇ ಕೃಷ್ಣೆ-ಮಲಪ್ರಭೆಗಳು ಕೂಡುವ ಕೂಡಲಸಂಗಮವಿದ್ದರೂ, ಬಸವಣ್ಣನವರ ಮಾತು ಹೊಸಗಾಲದ ಓದುಗನಿಗೆ ಅಚ್ಚಿನಲ್ಲಿ ದಕ್ಕಿದುದು ಮನೆಮನೆ ತಿರುಗಿ ಓಲೆಕಟ್ಟುಗಳನ್ನು ಬೇಡಿ ತಂದ ಈ ಒಬ್ಬ ವಕೀಲರಂಥವರಿಂದ. ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಈ ಗೆಳೆಯರು ಕೂಡಿ ಓದಿದರು, ಕೂಡಿ ಚರ್ಚಿಸಿದರು, ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕೂಡಿಯೇ ಸಂಗ್ರಹಿಸಿದರು. 1931ರ ‘ಗರತಿಯ ಹಾಡು’ ಆ ಗೆಳೆತನದ ಫಲ. ಒಂದು ಹಳ್ಳಿಯ ನಾಲ್ವರು ಗೆಳೆಯರು ತಾವು ಕಂಡುದನ್ನು ಪರಸ್ಪರ ಹಂಚಿಕೊಂಡುದರಿಂದ ಕನ್ನಡ ಸಾಹಿತ್ಯದ ದಾರಿಯೇ ಒಂದಿಷ್ಟು ಅಗಲವಾಯಿತು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ತೆಗೆದರು. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕಗಳು ಮನೆಗೇ ಬರುತ್ತಿದ್ದುವು. ಇದು ಬರಿಯ ವ್ಯಾಪಾರದ ಏರ್ಪಾಡಾಗಿರಲಿಲ್ಲ. ಬೇಂದ್ರೆ, ಗೋಕಾಕ, ಮುಗಳಿಯವರಂಥವರು ‘ಇದನ್ನು ಓದಿ’ ಎಂದು ಆರಿಸಿ ಕಳುಹಿದುದನ್ನು ದೂರದ ಹಳ್ಳಿಯ ಶಾಲಾಮಾಸ್ತರರು ನಂಬಿ ಓದಿದರು. 1961ರಲ್ಲಿ ಹೆಸರೇ ಕೇಳದ ತರುಣನೊಬ್ಬನ ‘ಯಯಾತಿ’ ನಾಟಕವನ್ನು ಈ ಮಾಲೆ ಪ್ರಕಟಿಸಿದಾಗ ಚಂದಾದಾರರು ಗಿರೀಶ ಕಾರ್ನಾಡರೆಂದರೆ ಯಾರೆಂದು ಕೇಳಿ ಓದಲಿಲ್ಲ. ಮಾಲೆಯ ಮೇಲಿನ ವಿಶ್ವಾಸದಿಂದ ಓದಿದರು. ವಿಶ್ವಾಸವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಮುಳುಗಡೆಯಾದ ಓಣಿ

ಇಂಥ ವಿಶ್ವಾಸದ ಒಂದು ಚಿಕ್ಕ ರೂಪವು ನಮ್ಮ ಮನೆಯಲ್ಲಿಯೂ ಇದ್ದಿತು. ಹಳೆಯ ಬಾಗಲಕೋಟೆಯ ಓಣಿಯೊಂದರಲ್ಲಿ ನಮ್ಮ ತಂದೆಯವರು ಇಂಥ ಗ್ರಂಥಮಾಲೆಗಳ ಪುಸ್ತಕಗಳನ್ನು ತಗಡಿನ ಟ್ರಂಕಿನಲ್ಲಿ ಇಟ್ಟಿದ್ದರು. ಟ್ರಂಕಿನ ಮೇಲೆ ನೂರು ಪುಟದ ಒಂದು ನೋಟುಬುಕ್ಕು. ಪುಸ್ತಕ ಒಯ್ದವರ ಹೆಸರು, ತಾರೀಖು, ತಿರುಗಿ ಕೊಡುವಾಗ ಅವರ ಕೈಯಿಂದಲೇ ಒಂದು ಸಾಲಿನ ಅಭಿಪ್ರಾಯ. ‘ನಡುವ ಬ್ಯಾಸರ, ಕಡೀಕ ಚಲೋ’. ‘ನಮ್ಮ ಅತ್ತೆಯವರೂ ಕೇಳಿದರು’. ‘ಓದಿ ಎರಡ ದಿನ ನಿದ್ದಿ ಬರಲಿಲ್ಲ’. ಮುಂದಿನವರು ಪುಸ್ತಕ ಆರಿಸುತ್ತಿದ್ದುದು ಈ ಸಾಲುಗಳನ್ನು ನೋಡಿ. ನನ್ನ ಮಟ್ಟಿಗೆ ವಿಮರ್ಶೆಯ ಮೊದಲ ಪಾಠವು ಆ ನೋಟುಬುಕ್ಕಿನಲ್ಲಿಯೇ ಆಯಿತು.

ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲಿಟ್ಟುದು 1964ರಲ್ಲಿ. ಹಿನ್ನೀರು ಬಾಗಲಕೋಟೆಯನ್ನು ಮುಟ್ಟುವ ಹೊತ್ತಿಗೆ ನಾವು ಮುಳುಗಡೆಯ ಮಂದಿಯಾಗಿದ್ದೆವು. ಕೆಲವರು ನವನಗರದ ಒಂದು ಸೆಕ್ಟರಿಗೆ, ಕೆಲವರು ಇನ್ನೊಂದಕ್ಕೆ, ಕೆಲವರು ಊರನ್ನೇ ಬಿಟ್ಟು ಹೋದರು. ನಮ್ಮ ಟ್ರಂಕು ಬಂದಿತು, ನೋಟುಬುಕ್ಕೂ ಬಂದಿತು. ಹೊರಗೆ ಹೋಗಿದ್ದ ನಾಲ್ವತ್ತು ಪುಸ್ತಕಗಳು ಮಾತ್ರ ಬರಲಿಲ್ಲ. ಒಯ್ದವರು ಕೆಟ್ಟವರಲ್ಲ, ಯಾರು ಎಲ್ಲಿಗೆ ಹೋದರೆಂಬುದೇ ಯಾರಿಗೂ ತಿಳಿಯದಾಗಿತ್ತು. ನಮ್ಮ ತಂದೆಯವರು ಕೆಲವು ದಿನ ಸೈಕಲ್ ಮೇಲೆ ಹುಡುಕಾಡಿದರು. ಒಬ್ಬರು ಸಿಕ್ಕರು, ಸಾಮಾನು ಸಾಗಿಸುವಾಗ ಪುಸ್ತಕವು ರದ್ದಿಯಲ್ಲಿ ಹೋಗಿತ್ತು. ಅಂದಿನಿಂದ ಅವರು ಯಾರಿಗೂ ಪುಸ್ತಕ ಕೊಡಲಿಲ್ಲ. ಯಾರೂ ಕೇಳಲೂ ಬರಲಿಲ್ಲ. ಮನೆಗೆ ಪರಿಹಾರ ದೊರೆಯಿತು. ಯಾರ ಮನೆಯಲ್ಲಿ ಯಾವ ಪುಸ್ತಕವಿದೆ, ಯಾರಿಗೆ ಯಾವುದು ರುಚಿಸುವುದು ಎಂಬ ಓಣಿಯ ಆ ತಿಳಿವಳಿಕೆಗೆ ಪರಿಹಾರ ಕೊಡುವವರು ಯಾರು?

ಮುಳುಗಡೆಯಾಗದ ಊರುಗಳಲ್ಲಿಯೂ ಸರಿಸುಮಾರು ಇದೇ ಆಗಿದೆ. ಕಟ್ಟೆಗಳು ಹೋದುವು, ವಾಚನಾಲಯದಲ್ಲಿ ಸಂಜೆ ಕೂಡುವ ರೂಢಿ ಹೋಯಿತು. ನೀರು ಬಾರದೆಯೇ ಚದುರಿದೆವು, ಅಷ್ಟೇ ವ್ಯತ್ಯಾಸ.

ಕಾನೂನುಂಟು, ಕಪಾಟುಂಟು

ಹಾಗೆಂದು ಪುಸ್ತಕಗಳೇ ಇಲ್ಲವೆಂದು ಹೇಳುವಂತಿಲ್ಲ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು 1965ರಲ್ಲಿಯೇ ಬಂದಿದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯ ಗ್ರಂಥಾಲಯ ಕರವನ್ನು ನಾವು ಸಲ್ಲಿಸುತ್ತೇವೆ. ಗ್ರಂಥಾಲಯ ಇಲಾಖೆಯು ಆಯ್ಕೆಮಾಡಿದ ಕೃತಿಯ ಮುನ್ನೂರು ಪ್ರತಿಗಳನ್ನು ಕೊಳ್ಳುವ ಪದ್ಧತಿಯೂ ಇದೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳೆನಿಸಿವೆ, ರಾಜ್ಯದಲ್ಲಿ ಇವು 5,000ಕ್ಕೂ ಹೆಚ್ಚು. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಇಲ್ಲಿ ಉಚಿತ ಸದಸ್ಯತ್ವ ದೊರೆಯುವಂತಾಯಿತು. ಇವು ಸಣ್ಣ ಕೆಲಸಗಳಲ್ಲ.

ದೂರುಗಳೂ ಉಂಟು. ಸಗಟು ಖರೀದಿ ವರ್ಷಗಟ್ಟಲೆ ತಡವಾಗುವುದೆಂದು ಪ್ರಕಾಶಕರ ದೂರು; ಕೂಡಿಸಿದ ಕರ ಪೂರ್ತಿಯಾಗಿ ಗ್ರಂಥಾಲಯಗಳಿಗೆ ಸಲ್ಲುವುದಿಲ್ಲವೆಂದು ಇನ್ನು ಕೆಲವರ ದೂರು. ಇವು ನ್ಯಾಯವಾದುವೇ. ಆದರೆ ನನ್ನ ಅಳಲು ಬೇರೆ. ಮುನ್ನೂರು ಪ್ರತಿ ಗ್ರಂಥಾಲಯಗಳಿಗೆ ಹೋದರೆ ಪ್ರಕಾಶಕರ ಜೀವ ಹಗುರಾಗುವುದು, ಲೇಖಕನಿಗೂ ಸಮಾಧಾನವಾಗುವುದು. ಅಲ್ಲಿಗೆ ಪುಸ್ತಕದ ಪ್ರಯಾಣ ಮುಗಿಯಿತೆಂದು ಎಲ್ಲರೂ ಭಾವಿಸಿದಂತಿದೆ. ಕಪಾಟಿಗೆ ಸೇರುವುದೆಂದರೆ ಓದುಗನನ್ನು ಸೇರುವುದಲ್ಲ. ಕಪಾಟಿನ ಮುಂದೆ ನಿಂತು ‘ಇದನ್ನ ಒಯ್ಯಿರಿ, ಚಲೋ ಐತಿ’ ಎನ್ನುವ ಒಂದು ಬಾಯಿ ಬೇಕು. ಆ ಬಾಯಿಗೆ ಯಾವ ಇಲಾಖೆಯೂ ಹಣ ಮಂಜೂರು ಮಾಡಲಾರದು.

ಸಾಹಿತ್ಯ ಸಮ್ಮೇಳನಗಳ ಮಾತೂ ಹೀಗೆಯೇ. ನಮ್ಮ ಜಿಲ್ಲೆಯ ನೆಲದಲ್ಲಿ ಜಮಖಂಡಿಯಲ್ಲಿ 1937ರಲ್ಲಿ, ಮುಧೋಳದಲ್ಲಿ 1995ರಲ್ಲಿ, ಬಾಗಲಕೋಟೆಯಲ್ಲಿ 2000ದಲ್ಲಿ ಸಮ್ಮೇಳನಗಳು ಜರುಗಿವೆ. ಸಮ್ಮೇಳನಗಳ ಪುಸ್ತಕ ಮಳಿಗೆಗಳಲ್ಲಿ ಜನ ಜಾತ್ರೆಯಂತೆ ಸೇರುವುದನ್ನೂ ಕೈತುಂಬ ಕೊಳ್ಳುವುದನ್ನೂ ಕಂಡಿದ್ದೇನೆ. ಆರು ತಿಂಗಳ ಮೇಲೆ ‘ಅಂದು ಕೊಂಡ ಪುಸ್ತಕ ಹೇಗಿತ್ತು?’ ಎಂದು ಕೇಳುವವರನ್ನು ಮಾತ್ರ ಕಂಡಿಲ್ಲ.

ಹೊಗಳಿಕೆಯ ಕಾಟ

‘ಈಗಲೂ ಪುಸ್ತಕಗಳ ವಿಷಯ ಹೇಳುವವರು ಬೇಕಾದಷ್ಟಿದ್ದಾರಲ್ಲ?’ ಎಂದು ವಾಚಕರು ಆಕ್ಷೇಪಿಸಬಹುದು. ಇದ್ದಾರೆ, ನಿಜ. ವಾರಕ್ಕೊಂದು ಬಿಡುಗಡೆ ಸಮಾರಂಭ ನಡೆಯುತ್ತದೆ. ಪುಸ್ತಕಕ್ಕೆ ಮುನ್ನುಡಿ, ಹಿನ್ನುಡಿ, ಬೆನ್ನುಡಿಗಳಿರುತ್ತವೆ. ಅವುಗಳಲ್ಲಿ ಪ್ರತಿಯೊಂದು ಕೃತಿಯೂ ಕನ್ನಡಕ್ಕೆ ಹೊಸ ಸೇರ್ಪಡೆ, ಪ್ರತಿಯೊಬ್ಬ ಕವಿಯೂ ಭರವಸೆಯ ಕವಿ. ಎಲ್ಲವನ್ನೂ ಹೊಗಳುವವನ ಮಾತನ್ನು ನಂಬಿ ಎರಡು ಸಲ ಕೈಸುಟ್ಟುಕೊಂಡ ಓದುಗನು ಮೂರನೆಯ ಸಲ ನಂಬುವುದಿಲ್ಲ. ಹೀಗೆ ಮನೋಹರ ಗ್ರಂಥಮಾಲೆಯ ಚಂದಾದಾರರಲ್ಲಿದ್ದ ಆ ವಿಶ್ವಾಸವನ್ನು ನಾವೇ ತಿಂದುಹಾಕಿದ್ದೇವೆ. ‘ನಡುವ ಬ್ಯಾಸರ, ಕಡೀಕ ಚಲೋ’ ಎಂಬ ಒಂದು ಸಾಲಿಗಿದ್ದ ಬೆಲೆ ಇಂದಿನ ಹತ್ತು ಪುಟದ ಮುನ್ನುಡಿಗಿಲ್ಲ. ಬೇಸರವಾದುದನ್ನೂ ಹೇಳುವ ಧೈರ್ಯವಿದ್ದವನ ಮೆಚ್ಚುಗೆಯನ್ನು ಮಾತ್ರ ಜನ ನಂಬುತ್ತಾರೆ.

ಮೊಬೈಲಿನಲ್ಲಿ ಪುಸ್ತಕದ ಸುದ್ದಿ ಕ್ಷಣದಲ್ಲಿ ನೂರು ಮಂದಿಗೆ ಮುಟ್ಟುವುದೂ ನಿಜ. ಅದನ್ನು ಹಳಿಯುವ ಪಂಗಡಕ್ಕೆ ನಾನು ಸೇರಿದವನಲ್ಲ. ದೂರದ ಗೆಳೆಯರ ಓದು ನನಗೆ ಅದರಿಂದಲೇ ತಿಳಿಯುತ್ತದೆ. ಆದರೆ ಹೆಚ್ಚಾಗಿ ಅಲ್ಲಿ ಬರುವುದು ಮುಖಪುಟದ ಚಿತ್ರ, ಒಳಪುಟದ ಮಾತಲ್ಲ. ನಾನು ಮೆಚ್ಚಿದ ಪುಸ್ತಕವೊಂದರ ವಿಷಯ ಹೇಳಿದೊಡನೆ ಬರುವ ಉತ್ತರವೂ ಗೊತ್ತಾದುದೇ: “ಪಿ.ಡಿ.ಎಫ್. ಇದ್ರ ಕಳಸ್ರಿ ಸರ್.” ಲೇಖಕನ ಮತ್ತು ಪ್ರಕಾಶಕನ ಹೊಟ್ಟೆಯ ಮೇಲೆ ಹೊಡೆಯುವ ಈ ಅಭ್ಯಾಸಕ್ಕೆ ನಾವು ಅಧ್ಯಾಪಕರೂ ಹೊರತಲ್ಲವೆಂಬುದನ್ನು ತಲೆತಗ್ಗಿಸಿ ಒಪ್ಪಬೇಕು. ಕೊಟ್ಟ ಪುಸ್ತಕಕ್ಕೆ ಒಂದು ಹೊಣೆಯಿರುತ್ತದೆ; ಓದಿ ತಿರುಗಿಸಬೇಕು, ತಿರುಗಿಸುವಾಗ ಏನಾದರೂ ಹೇಳಬೇಕು. ಕಳುಹಿದ ಕಡತಕ್ಕೆ ಅದಿಲ್ಲ. ನೂರು ಕಡತ ಕೂಡಿಟ್ಟು ಒಂದನ್ನೂ ಓದದವರನ್ನು ನಾನು ಬಲ್ಲೆ.

ಅಧ್ಯಾಪಕರ ಪಾಲು

ಇನ್ನು ನಮ್ಮ ಪಾಠದ ಕ್ರಮ. ಪಠ್ಯವೆಂದರೆ ಒಂದು ಸಂಕಲನ. ಅದರಲ್ಲಿ ಒಂದು ಕವಿತೆ, ಒಂದು ಕಥೆ, ಕಾದಂಬರಿಯೊಂದರ ನಾಲ್ಕು ಪುಟ. ಅರ್ಧ ವರ್ಷದಲ್ಲಿ ಅದನ್ನು ಮುಗಿಸಿ ಪರೀಕ್ಷೆ. ವಿದ್ಯಾರ್ಥಿಯು ಪದವಿ ಪಡೆದು ಹೋಗುವಾಗ ಇಪ್ಪತ್ತು ಲೇಖಕರ ಹೆಸರು ಬಲ್ಲ. ಅವರ ಒಂದು ಇಡೀ ಪುಸ್ತಕವನ್ನು ಕೈಯಲ್ಲಿ ಹಿಡಿದಿರುವುದಿಲ್ಲ. 1899ರ ‘ಇಂದಿರಾಬಾಯಿ’ ಗುಲ್ವಾಡಿ ವೆಂಕಟರಾಯರದು, 1908ರ ‘ಇಂದಿರೆ’ ಕೆರೂರರದು ಎಂಬುದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿಸುತ್ತೇವೆ. ಕೆರೂರರು ನಮ್ಮೂರಿನವರು, ಅವರ ಕಥೆ ಇಂದಿಗೂ ಓದಿಸಿಕೊಂಡು ಹೋಗುವುದು ಎಂಬ ಮಾತನ್ನು ಹೇಳುವುದೇ ಇಲ್ಲ. ಏಕೆಂದರೆ ಹೇಳಬೇಕಾದರೆ ನಾವು ಓದಿರಬೇಕು. ಇಳಕಲ್ಲಿನ ಮಗ್ಗದ ಮುಂದೆ ನನಗೆ ಉತ್ತರ ಹೊಳೆಯದಿದ್ದುದು ಆಕಸ್ಮಿಕವಲ್ಲ.

ಓದನ್ನು ದುಡಿಮೆಯೊಡನೆ ಕೂಡಿಸಿದ ಉದಾಹರಣೆ ಹೊರನಾಡಿನಲ್ಲಿಯೂ ಇದೆ. ಕ್ಯೂಬಾ ದೇಶದ ಹವಾನಾದ ಚುಟ್ಟದ ಕಾರಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆಯಿತು. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಎತ್ತರದ ಪೀಠದಲ್ಲಿ ಕುಳಿತ ಒಬ್ಬನು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದುವನು. ಅವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸುತ್ತಿದ್ದರು. ಯಾವ ಪುಸ್ತಕ ಓದಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಿದ್ದರು. ಫ್ರೆಂಚ್ ಕಾದಂಬರಿಕಾರ ಡ್ಯೂಮಾನ ‘ಮಾಂಟೆ ಕ್ರಿಸ್ಟೊ’ ಅವರಿಗೆ ಎಷ್ಟು ಪ್ರಿಯವಾಯಿತೆಂದರೆ ಒಂದು ಪ್ರಸಿದ್ಧ ಚುಟ್ಟಕ್ಕೆ ಆ ಹೆಸರೇ ನಿಂತಿತೆನ್ನುತ್ತಾರೆ. ನಮ್ಮ ಶ್ರಾವಣದ ಪುರಾಣಕ್ಕೂ ಇದಕ್ಕೂ ಬಹಳ ದೂರವೇನಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹುನಗುಂದ ತಾಲೂಕಿನ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿಯಾದ ಹೆಣ್ಣುಮಗಳೊಬ್ಬಳು ಪುಸ್ತಕ ಕೊಡುವ ರಿಜಿಸ್ಟರಿನ ಪಕ್ಕದಲ್ಲಿ ದಾರ ಕಟ್ಟಿದ ಒಂದು ನೋಟುಬುಕ್ಕನ್ನು ಇಟ್ಟಿದ್ದಾಳೆ. ಪುಸ್ತಕ ತಿರುಗಿಸುವ ಮಕ್ಕಳು ಅದರಲ್ಲಿ ಒಂದು ಸಾಲು ಬರೆಯಬೇಕು. ‘ಚಿತ್ರ ಕಡಿಮಿ ಅದಾವು’ ಎಂದು ಒಬ್ಬನು ಬರೆದಿದ್ದನು. ‘ನಮ್ಮ ಅವ್ವಗ ಓದಿ ಹೇಳಿದೆ, ಅತ್ತಳು’ ಎಂದು ಇನ್ನೊಬ್ಬಳು. ಆ ಎರಡನೆಯ ಪುಸ್ತಕವು ಒಂದು ದಿನವೂ ಕಪಾಟಿನಲ್ಲಿ ನಿಲ್ಲುವುದಿಲ್ಲವಂತೆ. ನಮ್ಮ ತಂದೆಯವರ ನೋಟುಬುಕ್ಕು ಬೇರೊಂದು ಊರಿನಲ್ಲಿ, ಬೇರೆ ಕೈಗಳಲ್ಲಿ ಮತ್ತೆ ಕಂಡಂತಾಗಿ ನನಗೆ ಮಾತೇ ಹೊರಡಲಿಲ್ಲ.

ಹೀಗೆ ಮಾಡಲು ಸರಕಾರದ ಆಜ್ಞೆ ಬೇಡ, ಹಣವೂ ಬೇಡ. ಅಧ್ಯಾಪಕರು ವಾರದ ಮೊದಲ ತರಗತಿಯಲ್ಲಿ ಐದು ನಿಮಿಷ ತಾವು ಓದುತ್ತಿರುವ ಪುಸ್ತಕದ ಮಾತಾಡಲಿ. ಓದದಿದ್ದರೆ ಓದಿಲ್ಲವೆಂದು ಒಪ್ಪಲಿ. ಶ್ರಾವಣದ ಪ್ರವಚನದ ನಡುವೆ ಒಂದು ಸಂಜೆಯನ್ನು ಹೊಸ ಪುಸ್ತಕಕ್ಕೆ ಕೊಡಲು ನಮ್ಮ ಮಠಗಳು ಒಲ್ಲೆನ್ನಲಾರವು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ’ ಎಂದು ಬೇಡಿದುದನ್ನು ಈ ನಾಡು ಕಂಡಿದೆ. ಜನ ಹಾಕಿದರು, ಏಕೆಂದರೆ ಬೇಡಿದವರು ಬಾಗಿಲಿಗೇ ಬಂದಿದ್ದರು. ಒಳ್ಳೆಯ ಚಟವೊಂದನ್ನು ಹಂಚಲು ಯಾರಾದರೂ ಅದೇ ರೀತಿ ಬಾಗಿಲಿಗೆ ಹೋಗಬಾರದೇಕೆ?

ನನ್ನ ಈ ವರ್ಷದ ಓದು

ಪರರಿಗೆ ಉಪದೇಶಿಸಿ ತಾನು ಸುಮ್ಮನಿರುವುದು ಸರಿಯಲ್ಲ. ಆದುದರಿಂದ ನನ್ನ ಓದನ್ನು ಹೇಳುತ್ತೇನೆ. ‘ಗ್ರಾಮಾಯಣ’ವು ಮಾತು ಕೊಟ್ಟಂತೆ ಇಳಕಲ್ಲಿನಿಂದ ಬಂದಿತು. ಜಮಖಂಡಿ ತಾಲೂಕಿನ ಹಳ್ಳಿಯಿಂದ ಬಂದ ಲೇಖಕರು 1957ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ ಹಳ್ಳಿಯೇ ನಾಯಕ. ಪಾತ್ರಗಳು ಬಹಳ, ಮೊದಮೊದಲು ಯಾರು ಯಾರೆಂದು ನೆನಪಿಡುವುದು ಕಷ್ಟವಾಗಿ ಎರಡು ಸಲ ಕೆಳಗಿಟ್ಟೆನು. ಆಮೇಲೆ ಒಂದು ಊರು ತನ್ನ ಕೈಯಿಂದಲೇ ಹೇಗೆ ಹಾಳಾಗುವುದೆಂಬುದನ್ನು ನೋಡುತ್ತ ನಿದ್ದೆಗೆಟ್ಟೆನು. ಮುಳುಗಡೆಯ ಊರಿನವರು ಇದನ್ನು ಓದಲೇಬೇಕು.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಪೋರ್ಚುಗಲ್ಲಿನ ತೇಜೋ ನದಿಯ ದಡದ ಬದುಕನ್ನೂ ವಿಜಯನಗರದ ಕಾಲದ ತುಂಗಭದ್ರೆಯ ದಡದ ಬದುಕನ್ನೂ ಕೂಡಿಸಿ ಹೇಳುವ ದೊಡ್ಡ ಕಾದಂಬರಿ. ಇತಿಹಾಸವೆಂದರೆ ಆಕಳಿಸುವ ಹುಡುಗರ ಕೈಗೆ ಕೊಟ್ಟು ನೋಡಿದ್ದೇನೆ. ಎಂಟು ದಿನಗಳಲ್ಲಿ ತಿರುಗಿ ತಂದರು. ಅದರಲ್ಲಿಯ ಕ್ರೌರ್ಯದ ಕೆಲವು ಪುಟಗಳು ನನಗೆ ಅತಿಯೆನಿಸಿದುವು, ಅವರಿಗೆ ಹಾಗೆನಿಸಲಿಲ್ಲ. ನಮ್ಮ ವಾದ ಇನ್ನೂ ಮುಗಿದಿಲ್ಲ. ‘ಗರತಿಯ ಹಾಡ’ನ್ನು ಮೂವತ್ತು ವರ್ಷಗಳ ಮೇಲೆ ತಾಯಿಯವರ ಎದುರಿಗೆ ಮತ್ತೆ ಓದಿದೆನು. ಪುಸ್ತಕದಲ್ಲಿಲ್ಲದ ಮೂರು ಹಾಡುಗಳನ್ನು ಅವರು ಹೇಳಿದರು. ಒಬ್ಬನೇ ಕುಳಿತು ಓದಿದ್ದರೆ ಅವು ನನಗೆ ಸಿಗುತ್ತಿರಲಿಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಬಾದಾಮಿಯ ಕೆರೆಯ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. ಸುಮಾರು 700ರದು, ಕನ್ನಡ ತ್ರಿಪದಿಯ ಅತಿ ಹಳೆಯ ರೂಪವನ್ನು ವಿದ್ವಾಂಸರು ಅದರಲ್ಲಿ ಕಂಡಿದ್ದಾರೆ. ಪ್ರತಿ ವರ್ಷ ವಿದ್ಯಾರ್ಥಿಗಳೊಡನೆ ಹೋಗುತ್ತೇನೆ. ಗುಹೆಗಳನ್ನು ನೋಡಿ, ಮಂಗಗಳ ಕಾಟಕ್ಕೆ ಬೇಸತ್ತು ಸಾವಿರಾರು ಮಂದಿ ತಿರುಗಿ ಹೋಗುತ್ತಾರೆ. ಈ ಅಕ್ಷರಗಳ ಹತ್ತಿರ ಬರುವವರು ಕೆಲವರೇ. ನಾನೂ ವಿದ್ಯಾರ್ಥಿಯಾಗಿದ್ದಾಗ ಅದನ್ನು ಕಂಡುದು, ಅಲ್ಲಿ ಕುರಿ ಕಾಯುತ್ತಿದ್ದ ಮುದುಕರೊಬ್ಬರು “ಅಕ್ಷರ ನೋಡಬೇಕೇನ ತಮ್ಮಾ? ಇತ್ತ ಬಾ” ಎಂದು ಕೈಮಾಡಿ ಕರೆದುದರಿಂದ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಅದು ತೋರಿಸತಕ್ಕ ವಸ್ತುವೆಂಬುದು ಅವರಿಗೆ ತಿಳಿದಿತ್ತು.

‘ಗ್ರಾಮಾಯಣ’ವು ಈಗ ನನ್ನ ಮೇಜಿನ ಮೇಲಿದೆ, ಇಟ್ಟುಕೊಳ್ಳಬಾರದೆಂಬ ಆಜ್ಞೆಯಿದೆ. ಮುಂದಿನ ವಾರ ಅದು ನನ್ನ ವಿದ್ಯಾರ್ಥಿನಿಯ ಕೈಗೆ ಹೋಗುತ್ತದೆ. ಇದನ್ನು ಓದಿದ ಮೇಲೆ ವಾಚಕರು ತಮ್ಮ ಪಕ್ಕದವರನ್ನು ಒಮ್ಮೆ ಕೇಳಬೇಕು: ಈಗ ಏನು ಓದುತ್ತಿರುವಿರಿ? ಉತ್ತರ ಬಾರದಿದ್ದರೆ ಹಳಿಯಬೇಡಿ, ನನಗೂ ಬಂದಿರಲಿಲ್ಲ. ಒಂದು ಪುಸ್ತಕವನ್ನು ಕೊಟ್ಟು ಬನ್ನಿ.